ಚಿಮ್ಮಡಕ್ಕೆ ಹೋದ ಸಕ್ಕರೆ ಪುಸ್ತಕ

ಬನಹಟ್ಟಿಯಲ್ಲಿ ಪುಸ್ತಕ ಕಂಡರೆ ರಸ್ತೆ ದಾಟಿ ಆಚೆ ಬದಿಗೆ ಹೋಗುವವರು ಒಬ್ಬರೇ ಇದ್ದಾರೆ. ಅವರ ಹೆಸರು ಹಣಮಂತಪ್ಪ. ಓದುಬರಹ ಬಾರದವರೇನಲ್ಲ, ಜಮಖಂಡಿಯ ಕೋರ್ಟಿನಲ್ಲಿ ಗುಮಾಸ್ತರಾಗಿ ಇಡೀ ಜನ್ಮವನ್ನು ಕಾಗದದ ನಡುವೆಯೇ ಕಳೆದು ನಿವೃತ್ತರಾದವರು. ಅಂಥವರನ್ನು ಈ ಸ್ಥಿತಿಗೆ ತಂದವನು ಪಕ್ಕದ ಮನೆಯ ವೀರೇಶ.

ವೀರೇಶನಿಗೆ ಬಸ್ ನಿಲ್ದಾಣದ ಹತ್ತಿರ ನೋಟಬುಕ್ಕು, ಪೆನ್ನು ಮಾರುವ, ಹರಿದ ಪುಸ್ತಕಗಳಿಗೆ ರಟ್ಟು ಹಾಕಿ ಹೊಲಿದುಕೊಡುವ ಒಂದು ಸಣ್ಣ ಅಂಗಡಿ ಇತ್ತು. ಅದು ಹೊಟ್ಟೆಪಾಡು. ಅವನ ನಿಜವಾದ ಉದ್ಯೋಗ ಮಕ್ಕಳಿಗಾಗಿ ಹೊಸ ನಮೂನೆಯ ಪುಸ್ತಕ, ಆಟಿಕೆಗಳನ್ನು ಕಂಡುಹಿಡಿಯುವುದು. ಪುಸ್ತಕವೆಂದರೆ ಸುಮ್ಮನೆ ಬಿದ್ದುಕೊಂಡು ಓದಿಸಿಕೊಳ್ಳುವ ವಸ್ತುವಲ್ಲ, ಮಗುವಿನ ಜೊತೆ ತಾನೂ ಆಡಬೇಕು ಎಂಬುದು ಅವನ ಸಿದ್ಧಾಂತ. ಈ ಸಿದ್ಧಾಂತದ ಮೊದಲ ಫಲ, ತೆರೆದರೆ ಎತ್ತು ಎದ್ದು ನಿಲ್ಲುವ ಪುಸ್ತಕ. ರಟ್ಟಿನ ಎತ್ತನ್ನು ಎಬ್ಬಿಸಲು ಅವನು ಮಗ್ಗದ ಹಳೆಯ ಸ್ಪ್ರಿಂಗು ಹಾಕಿದ್ದ. ತಾನು ಈಗ ಮಗ್ಗದಲ್ಲಿಲ್ಲ, ಮಕ್ಕಳ ಪುಸ್ತಕದಲ್ಲಿದ್ದೇನೆ ಎಂದು ಸ್ಪ್ರಿಂಗಿಗೆ ಹೇಗೆ ಗೊತ್ತಾಗಬೇಕು? ಮೊದಲ ಪ್ರತಿಯನ್ನು ಗೌರವದಿಂದ ಹಣಮಂತಪ್ಪನವರ ಕೈಗೆ ಕೊಟ್ಟ. ಅವರು ಚಸ್ಮಾ ಏರಿಸಿ, ಮುಖದ ಹತ್ತಿರ ಹಿಡಿದು, ತೆರೆದರು. ಎತ್ತು ಹೊರಗೆ ಬಂತು, ಚಸ್ಮಾ ಮಾಳಿಗೆಯ ಮೇಲೆ ಹೋಯಿತು. ಅಂದಿನಿಂದ ಎರಡೂ ಮನೆಗೆ ಮಾತು ಬಿಟ್ಟಿತ್ತು.

ಎರಡನೆಯದು ಮಳೆ ಪುಸ್ತಕ. ರಟ್ಟಿನೊಳಗೆ ಜೋಳದ ಕಾಳು ತುಂಬಿದ್ದರಿಂದ ಅಲ್ಲಾಡಿಸಿದರೆ ಮಳೆ ಸುರಿದ ಸದ್ದು ಬರುತ್ತಿತ್ತು. ಅದನ್ನು ಇಲಿಗಳು ಒಂದೇ ರಾತ್ರಿಯಲ್ಲಿ ಮೊದಲಿನಿಂದ ಕೊನೆಯವರೆಗೆ ಓದಿ ಮುಗಿಸಿದವು. ಮೂರನೆಯದು ಬಸ್ ಪುಸ್ತಕ. ಕೊನೆಯ ಪುಟ ಒತ್ತಿದರೆ ಕಂಡಕ್ಟರನ ಸೀಟಿ ಕೇಳಬೇಕು. ಕೇಳಿತು ಕೂಡ. ಅದನ್ನು ಜಮಖಂಡಿಯ ಒಂದು ಶಾಲೆಗೆ ತೋರಿಸಲು ಹೊರಟ ವೀರೇಶ, ಬಸ್ಸಿನಲ್ಲಿ ಜಾಗ ಹಿಡಿಯುವ ಗಡಿಬಿಡಿಯಲ್ಲಿ ಪುಸ್ತಕದ ಮೇಲೆಯೇ ಕೂತ. ರಸ್ತೆಯ ಪ್ರತಿ ತಗ್ಗಿಗೂ ಸೀಟಿ ಬಿತ್ತು. ಡ್ರೈವರ್ ಪಾಪ ನಿಯಮ ಬಿಡದ ಮನುಷ್ಯ. ಒಂದು ಸೀಟಿಗೆ ನಿಲ್ಲಿಸಿದ, ಎರಡು ಸೀಟಿಗೆ ಬಿಟ್ಟ. ಬಸ್ಸು ಯಾಕೆ ಹೀಗೆ ಮಾಡುತ್ತಿದೆಯೆಂದು ನೋಡಲು ಕೆಳಗಿಳಿದ ನಿಜವಾದ ಕಂಡಕ್ಟರನನ್ನು ಕಬ್ಬಿನ ಹೊಲದ ಬದಿಗೆ ಬಿಟ್ಟು ಬಸ್ಸು ಜಮಖಂಡಿ ಮುಟ್ಟಿತು. ಶಾಲೆಯವರು ಪುಸ್ತಕ ನೋಡುವ ಮೊದಲೇ ಡಿಪೋದವರು ನೋಡಿದರು. ಆ ಪುಸ್ತಕ ಇವತ್ತಿಗೂ ಡಿಪೋದಲ್ಲೇ ಇದೆ.

ಮೂವತ್ತೈದು ದಾಟಿದ ಈ ಗಂಡಿಗೆ ಇನ್ನೂ ಹೆಣ್ಣು ಸಿಕ್ಕಿರಲಿಲ್ಲ. ಹುಡುಗ ಏನು ಮಾಡುತ್ತಾನೆ ಎಂದು ಹೆಣ್ಣಿನವರು ಕೇಳಿದಾಗಲೆಲ್ಲ ವೀರೇಶ ಎತ್ತಿನ ಪುಸ್ತಕ ತೆರೆದು ತೋರಿಸುತ್ತಿದ್ದ. ತಾಯಿ ಕಸ್ತೂರೆವ್ವ ಹರಕೆ ಹೊತ್ತು ಹೊತ್ತು ದೇವರಿಗೂ ಬೇಸರ ಬರಿಸಿ, ಕೊನೆಗೆ ಒಂದು ದಿನ ತೀರ್ಪು ಕೊಟ್ಟಳು.

"ಈ ಸಲನೂ ಯಾ ಸಾಲಿಯವರೂ ನಿನ್ನ ಪುಸ್ತಕ ತಗೊಳ್ಳಲಿಲ್ಲಂದ್ರ, ಗೌರಿ ಹುಣ್ಣಿವಿ ಮರುದಿನ ಬಾಡಗಂಡಿಗೆ ಹೋಗಿಬಿಡು. ನಿಮ್ಮ ಸೋದರಮಾವ ಸಕ್ಕರಿ ಕಾರ್ಖಾನ್ಯಾಗ ಕಬ್ಬ ತೂಗೂ ಕೆಲಸ ಹೇಳಿಟ್ಟಾನ. ನಿನ್ನ ಆ ಖೋಲಿ ಮಗ್ಗದವರಿಗೆ ಬಾಡಗಿ ಕೊಡತೇನಿ."

ಆ ಖೋಲಿಯೇ ವೀರೇಶನ ಕಾರ್ಖಾನೆ. ರಟ್ಟು, ಅಂಟು, ದಾರ, ಕತ್ತರಿ, ಕಣ್ಣು ಹಚ್ಚಬೇಕಾದ ಗೊಂಬೆಗಳು ಎಲ್ಲ ಅಲ್ಲಿದ್ದವು. ಅದು ಹೋದರೆ ತನ್ನದೆನ್ನುವುದು ಏನೂ ಉಳಿಯುವುದಿಲ್ಲ ಎಂದು ಅವನಿಗೆ ಖಾತ್ರಿ ಇತ್ತು. ಹಾಗಾಗಿ ಅವನು ಊಟ ಮರೆತು ಕೂತ. ಯಾವ ಶಾಲೆಯಾದರೂ ಒಪ್ಪುವುದಿದ್ದರೆ ಅದು ಚಿಮ್ಮಡದ ಚಿಕ್ಕ ಮಕ್ಕಳ ಶಾಲೆ ಒಂದೇ. ಅದನ್ನು ನಡೆಸುವವರು ಅಲ್ಲಿನ ದೊಡ್ಡ ಒಕ್ಕಲುತನದ ಶಿದ್ರಾಮಪ್ಪ. ಕಲಿಸುವವಳು ಅವರ ಮಗಳು ರಾಜಶ್ರೀ. ಹಲಗೆಗೆ ಬರೆಯುವ ಖಡು, ಬಣ್ಣದ ಹಾಳೆ ಒಯ್ಯಲು ಅಂಗಡಿಗೆ ಬಂದಾಗ ಅವಳು ಎತ್ತಿನ ಪುಸ್ತಕ ತೆರೆದು, ಸಮಯಕ್ಕೆ ಸರಿಯಾಗಿ ಮುಖ ಆಚೆ ಸರಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ಇದು ಹುಡುಗರ ಕೈಯಲ್ಲಿ ಒಂದು ದಿನವೂ ಉಳಿಯುವುದಿಲ್ಲ, ಆದರೆ ಆ ಒಂದು ದಿನ ಭಾರಿ ಇರುತ್ತದೆ ಎಂದಿದ್ದಳು. ತನ್ನ ಪುಸ್ತಕದ ಬಗ್ಗೆ ಯಾರೋ ಒಬ್ಬರು ಆಡಿದ ಒಳ್ಳೆಯ ಮಾತು ಅದೊಂದೇ ಆದ್ದರಿಂದ ವೀರೇಶ ಅದನ್ನು ದಿನಾ ನೆನೆಸಿಕೊಳ್ಳುತ್ತಿದ್ದ. ಹೇಳಿದವಳನ್ನೂ ನೆನೆಸಿಕೊಳ್ಳುತ್ತಿದ್ದನೋ ಏನೋ, ಅವನು ಅದನ್ನು ಬೇರೆ ಮಾಡಿ ನೋಡಿರಲಿಲ್ಲ.

ಗೌರಿ ಹುಣ್ಣಿಮೆಯ ಹಿಂದಿನ ವಾರ. ಪೇಟೆಯ ತುಂಬ ಸಕ್ಕರೆ ಗೊಂಬೆಗಳು: ಆನೆ, ಒಂಟೆ, ನವಿಲು, ಗಿಳಿ, ಗೋಪುರ. ಅವುಗಳನ್ನು ನೋಡುತ್ತ ನಿಂತ ವೀರೇಶನಿಗೆ ತಲೆಯೊಳಗೆ ದೀಪ ಹತ್ತಿತು. ದಪ್ಪ ರಟ್ಟಿನ ಪುಸ್ತಕ ಮಾಡುವುದು. ಪ್ರತಿ ಪುಟದಲ್ಲಿ ಒಂದು ಕುಣಿ ಕೊರೆದು, ಅದರೊಳಗೆ ಬೆರಳುದ್ದದ ಸಕ್ಕರೆ ಗೊಂಬೆ ಇಟ್ಟು, ಮೇಲೆ ಅಕ್ಷರ ಬರೆದ ಮುಚ್ಚಳ. ಮಗು ಅಕ್ಷರ ಓದಬೇಕು, ಮುಚ್ಚಳ ಎತ್ತಬೇಕು, ಒಳಗಿದ್ದದ್ದರ ಹೆಸರು ಹೇಳಬೇಕು, ತಿನ್ನಬೇಕು. ಮೂರೇ ದಿನದಲ್ಲಿ ಪುಸ್ತಕ ತಯಾರಾಯಿತು.

ನಮ್ಮ ಕಡೆಯ ರಿವಾಜು ತಿಳಿಯದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ಲಗ್ನ ನಿಕ್ಕಿಯಾದ ಹುಡುಗಿಯ ಮನೆಗೆ ಗಂಡಿನವರು ಈ ಹುಣ್ಣಿಮೆಗೆ ಸಕ್ಕರೆ ಗೊಂಬೆ, ಸೀರೆ, ಹೂವಿನ ದಂಡೆ ಕಳಿಸುತ್ತಾರೆ. ಅಚ್ಚು ಹಾಕಿಸಿದ ಲಗ್ನಪತ್ರಿಕೆಗಿಂತ ಅದು ಗಟ್ಟಿ. ಪತ್ರಿಕೆಯನ್ನಾದರೂ ಹರಿದು ಒಗೆಯಬಹುದು, ಓಣಿಯವರೆಲ್ಲ ಸಕ್ಕರೆ ತಿಂದ ಮೇಲೆ ಯಾರು ಏನು ಮಾಡಲಿಕ್ಕೆ ಬರುತ್ತದೆ? ಇದು ಬನಹಟ್ಟಿಯ ಹಾಲು ಕುಡಿಯುವ ಕೂಸಿಗೂ ಗೊತ್ತು. ವೀರೇಶನಿಗೂ ಗೊತ್ತಿತ್ತು. ಆದರೆ ಅಂಟು ಆರುವ ಗಡಿಬಿಡಿಯಲ್ಲಿ ಅವನಿಗೆ ಅದು ನೆನಪಾಗಲಿಲ್ಲ.

ಅವನು ಪುಸ್ತಕವನ್ನು ತಾಯಿಯ ಮುಂದಿಟ್ಟು, ಮುಧೋಳಕ್ಕೆ ಹೊಸ ರಟ್ಟು ತರಲು ಹೊರಟವನು, ಚಪ್ಪಲಿ ಮೆಟ್ಟುತ್ತ ಹೇಳಿದ: "ಯವ್ವಾ, ಈ ಸಕ್ಕರಿ ಚಿಮ್ಮಡದ ಶಿದ್ರಾಮಪ್ಪನವರ ಮನಿಗೆ ಹೋಗಬೇಕು. ರಾಜಶ್ರೀಯವರ ಕೈಯಾಗ ಕೊಡಾಕ ಹೇಳು. ಮುರೀಲಾರದಂಗ ಛಲೋತ್ನಾಗಿ ಸುತ್ತಿ ಕಳಸ."

ಕಸ್ತೂರೆವ್ವ ಗೋಡೆ ಹಿಡಿದುಕೊಂಡು ಕೂತಳು. ಮಗ ಹೆಣ್ಣು ನೋಡಿದ್ದಾನೆ. ಮಾತೂ ಮುಗಿಸಿದ್ದಾನೆ. ಸಕ್ಕರೆಯನ್ನೂ ತಂದಿದ್ದಾನೆ. ತಾಯಿಗೆ ಹೇಳಲು ನಾಚಿ ಮುಧೋಳಕ್ಕೆ ಓಡಿಹೋಗಿದ್ದಾನೆ. ಆದರೂ ಹುಚ್ಚುಖೋಡಿ ಹುಚ್ಚುಖೋಡಿಯೇ. ಸಕ್ಕರೆಯನ್ನು ತಟ್ಟೆಯಲ್ಲಿಡುವುದು ಬಿಟ್ಟು ರಟ್ಟಿನೊಳಗೆ ಹೂಳಿಟ್ಟಿದ್ದಾನೆ. ಅವಳು ಕಣ್ಣೊರೆಸಿಕೊಂಡು ಎದ್ದವಳೇ ಪೇಟೆಗೆ ಹೋಗಿ ದೊಡ್ಡ ದೊಡ್ಡ ಸಕ್ಕರೆ ಗೊಂಬೆ ತಂದಳು. ಟ್ರಂಕಿನಿಂದ ಹಸಿರು ಬಣ್ಣದ, ಕೆಂಪು ಸೆರಗಿನ ಸೀರೆ ತೆಗೆದು ಪುಸ್ತಕಕ್ಕೆ ಸುತ್ತಿದಳು. ಮಲ್ಲಿಗೆ ದಂಡೆ ಕಟ್ಟಿಸಿದಳು. ಕಾಯಿ, ಬಾಳೆಹಣ್ಣು ಸೇರಿಸಿ, ಆಟೋದ ಪಾಂಡಪ್ಪನನ್ನು ಕರೆಸಿ, ಹಣೆಗೆ ಕುಂಕುಮ ಹಚ್ಚಿ ಕಳಿಸಿದಳು. ಪಾಂಡಪ್ಪ ಹುರುಪಿನ ಮನುಷ್ಯ. ಯಾರೂ ಹೇಳದಿದ್ದರೂ ಆಟೋಕ್ಕೆ ಬಾಳೆಕಂದು ಕಟ್ಟಿ, ಚಿಮ್ಮಡದ ಅಗಸಿಯಿಂದ ಶಿದ್ರಾಮಪ್ಪನವರ ಬಾಗಿಲವರೆಗೆ ಹಾರ್ನು ಬಿಡದೆ ಬಾರಿಸಿಕೊಂಡು ಹೋದ.

ಅಲ್ಲಿ ಏನಾಯಿತೆಂಬುದು ಆಮೇಲೆ ತಿಳಿದದ್ದು. ಸಕ್ಕರೆ ನೋಡಿ ಶಿದ್ರಾಮಪ್ಪ ದಂಗಾದರು. ಆದರೆ ಅವರ ತಾಯಿ ಅನಸವ್ವ ಮೊಮ್ಮಗಳ ಲಗ್ನ ತನ್ನ ಕೈಯಿಂದಲೇ ಆಗಬೇಕೆಂದು ಹಟ ಹಿಡಿದವಳು. ಮುದುಕಿ ತನಗೆ ಹೇಳದೆ ಎಲ್ಲ ಮುಗಿಸಿದ್ದಾಳೆ ಎಂದುಕೊಂಡರು. ಅನಸವ್ವನಿಗೂ ಅಷ್ಟೇ ಆಶ್ಚರ್ಯವಾಗಿತ್ತು. ಮಗ ದೊಡ್ಡಸ್ತಿಕೆ ತೋರಿಸಲು ತನ್ನನ್ನು ಬಿಟ್ಟು ಮಾತುಕತೆ ಮಾಡಿದ್ದಾನೆ ಎಂದು ಅವಳೆಣಿಕೆ. ನನಗೆ ಗೊತ್ತಿಲ್ಲ ಎಂದು ಹೇಳಿ ಸಣ್ಣವರಾಗಲು ಇಬ್ಬರಿಗೂ ಮನಸ್ಸಿಲ್ಲ. ಆದ್ದರಿಂದ ಇಬ್ಬರೂ ಮೊದಲೇ ಗೊತ್ತಿದ್ದವರಂತೆ ಗಂಭೀರವಾಗಿ ತಲೆ ಅಲ್ಲಾಡಿಸಿ, ಹುಣ್ಣಿಮೆ ದಿನ ಗಂಡಿನ ಮನೆಗೆ ಬರುತ್ತೇವೆಂದು ಪಾಂಡಪ್ಪನ ಕೈಯಲ್ಲಿ ಹೇಳಿ ಕಳಿಸಿದರು. ಅನಸವ್ವ ಗೋಪುರ, ಆನೆಗಳನ್ನು ಒಡೆದು ಸಂಜೆಯೊಳಗೆ ಇಡೀ ಓಣಿಗೆ ಹಂಚಿದಳು. ರಟ್ಟಿನ ಪುಸ್ತಕವನ್ನು ಮಾತ್ರ ರಾಜಶ್ರೀ ಯಾರಿಗೂ ಮುಟ್ಟಗೊಡದೆ ಶಾಲೆಗೆ ಒಯ್ದಳು.

ವೀರೇಶ ಮುಧೋಳದಿಂದ ಬರುವಷ್ಟರಲ್ಲಿ ಓಣಿಯೇ ಬದಲಾಗಿತ್ತು. ಎದುರಾದವರೆಲ್ಲ ಅಂತೂ ಆತಲ್ಲ ಎಂದು ಬೆನ್ನು ತಟ್ಟಿದರು. ಪುಸ್ತಕದ ಸುದ್ದಿ ಇಷ್ಟು ಬೇಗ ಹಬ್ಬಿತೇ ಎಂದು ಅವನಿಗೆ ಎದೆ ತುಂಬಿತು. ಎತ್ತಿನ ಪುಸ್ತಕದ ದಿನದಿಂದ ಮಾತು ಬಿಟ್ಟಿದ್ದ ಹಣಮಂತಪ್ಪನವರೂ ಬಾಗಿಲಿಗೆ ಬಂದು, ಹಿಂದಿನದೆಲ್ಲ ಮರೆತೆನೆಂದೂ, ಹುಣ್ಣಿಮೆ ದಿನ ಚಿಮ್ಮಡದವರು ಬಂದಾಗ ಹಿರಿಯನಾಗಿ ತಾನೇ ಮುಂದೆ ನಿಲ್ಲುವೆನೆಂದೂ ಹೇಳಿದರು. ಚಿಮ್ಮಡದವರು ಬರುತ್ತಾರೆ ಎಂದು ಕೇಳಿದ್ದೇ ವೀರೇಶ ಖೋಲಿ ಸಾರಿಸಲು ಶುರು ಮಾಡಿದ. ಅವನ ಲೆಕ್ಕದಲ್ಲಿ ಬರುವುದು ಪುಸ್ತಕ ತಪಾಸಣೆಯ ಕಮಿಟಿ. ತಪಾಸಣೆಗೆ ತಾಯಿ ಇಷ್ಟೊಂದು ಹೋಳಿಗೆ ಯಾಕೆ ಮಾಡುತ್ತಿದ್ದಾಳೆ ಎಂದು ಒಮ್ಮೆ ಅನ್ನಿಸಿತಾದರೂ, ಕಮಿಟಿಯವರು ಎಂದ ಮೇಲೆ ತಿನ್ನುವವರೇ ಎಂದು ಸುಮ್ಮನಾದ.

ಹುಣ್ಣಿಮೆಯ ಮಧ್ಯಾಹ್ನ ಶಿದ್ರಾಮಪ್ಪ ಜೀಪಿನಿಂದ ಇಳಿದರು. ಹಿಂದೆ ಅನಸವ್ವ. ಅವಳ ಹಿಂದೆ, ಹುಡುಗಿ ತಾನೇ ಗಂಡಿನ ಮನೆಗೆ ಬರುವುದುಂಟೇ ಎಂದು ಮುದುಕಿ ದಾರಿಯುದ್ದಕ್ಕೂ ಬಯ್ದರೂ ಕೇಳದೆ, ರಾಜಶ್ರೀ. ಅವಳು ಬಂದವಳೇ ಪುಸ್ತಕ ಮಾಡುವ ಖೋಲಿ ಎಲ್ಲಿದೆ ಎಂದು ಕಸ್ತೂರೆವ್ವನನ್ನು ಕೇಳಿ ಒಳಗೆ ಹೋಗಿಬಿಟ್ಟಳು. ಪಡಸಾಲೆಯಲ್ಲಿ ಜಮಖಾನೆಯ ಮೇಲೆ ಹಿರಿಯರು ಕೂತರು. ವೀರೇಶ ಇಸ್ತ್ರಿ ಅಂಗಿ ಹಾಕಿಕೊಂಡು, ಕಮಿಟಿಯ ಮುಂದೆ ಕೈಕಟ್ಟಿ ಕೂತ.

ಅನಸವ್ವ ಅವನನ್ನು ಕಾಲಿನಿಂದ ತಲೆಯವರೆಗೆ ನೋಡಿ ಕೇಳಿದಳು: "ನಮ್ಮದು ಅಗದಿ ಜತನ ಮಾಡಿ ಬೆಳಸಿದ್ದಪಾ. ನೀ ಮುಂದ ಹೆಂಗ ಇಟ್ಟಕೊಳ್ಳಾಂವ, ಅದನ್ನ ಹೇಳ."

ಕಬ್ಬಿನ ಸೀಮೆಯ ಜನ. ಸಕ್ಕರೆಯನ್ನೂ ತಾವೇ ಬೆಳೆಸಿದ್ದು ಎನ್ನುತ್ತಾರೆ ಎಂದುಕೊಂಡ ವೀರೇಶ. ಈ ಪ್ರಶ್ನೆಗೆ ಅವನು ಮೊದಲೇ ತಯಾರಾಗಿದ್ದ.

"ಇರವಿ ಮುತ್ತಲಾರದಂಗ ಬಿಗಿ ಮುಚ್ಚಳದ ಡಬ್ಬ್ಯಾಗ ಇಡೂದ್ರಿ," ಎಂದ. "ನೀರ ತಾಗಸಬಾರದು. ಬಿಸಲಿಗೆ ತರಬಾರದು. ದಿನಕ್ಕ ಒಂದ ತಾಸ ಹೊರಗ ತಗದ ಹುಡುಗೂರ ಕೈಯಾಗ ಕೊಟ್ಟು, ಮತ್ತ ಒಳಗ ಇಟ್ಟಬಿಡೂದು."

ಅನಸವ್ವ ಮಗನ ಕಡೆ ತಿರುಗಿದಳು. ಅವಳ ದನಿ ಸಣ್ಣದಾಗಿತ್ತು. "ಶಿದ್ರಾಮಾ, ಹುಡುಗೀನ ಡಬ್ಬ್ಯಾಗ ಇಡತೇನಿ ಅನ್ನಾಕತ್ತಾನಲ್ಲೋ. ಎಂಥಾ ಮನಿ ನೋಡಿದ್ಯೋ ನೀ?"

"ನಾ ಎಲ್ಲಿ ನೋಡೇನಿ?" ಎಂದರು ಶಿದ್ರಾಮಪ್ಪ. "ನೀನ ಅಲ್ಲೇನ ನೋಡಿದಾಕಿ?"

ಅಲ್ಲಿಂದ ಮುಂದೆ ಎಲ್ಲರೂ ಒಟ್ಟಿಗೆ ಮಾತಾಡಿದ್ದರಿಂದ ಯಾರ ಮಾತೂ ಯಾರಿಗೂ ಕೇಳಲಿಲ್ಲ. ಯಾವ ಹುಡುಗಿ ಎಂದು ವೀರೇಶ ಕೇಳಿದ. ಯಾವ ಪುಸ್ತಕ ಎಂದು ಶಿದ್ರಾಮಪ್ಪ ಕೇಳಿದರು. ಕಸ್ತೂರೆವ್ವ ಮಗನ ಮುಖ ನೋಡಿ, ಅವನಿಗೆ ನಿಜವಾಗಿಯೂ ಏನೂ ಗೊತ್ತಿಲ್ಲ ಎಂಬುದನ್ನು ಅರ್ಥ ಮಾಡಿಕೊಂಡು, ಹೋಳಿಗೆಯ ಬುಟ್ಟಿ ಹಿಡಿದುಕೊಂಡೇ ನೆಲಕ್ಕೆ ಕುಸಿದಳು. ಹಣಮಂತಪ್ಪನವರು ಎದ್ದು ನಿಂತು, ಕೋರ್ಟಿನ ಗತ್ತಿನಲ್ಲಿ, ಸಕ್ಕರೆ ಕಳಿಸಿದ್ದು ಸಾಬೀತಾಗಿದೆ, ಸ್ವೀಕಾರವಾದದ್ದು ಸಾಬೀತಾಗಿದೆ, ಮಾಲು ಪೂರ್ತಿ ತಿಂದು ಹೋಗಿರುವುದರಿಂದ ವಾಪಸು ಕೊಡಿಸುವ ಅವಕಾಶ ಕಾಯಿದೆಯಲ್ಲಿಲ್ಲ ಎಂದು ವಿವರಿಸಿದರು. ಇದರಿಂದ ಯಾರಿಗೂ ಸಮಾಧಾನವಾಗಲಿಲ್ಲ.

ವೀರೇಶ ಇದ್ದದ್ದು ಇದ್ದ ಹಾಗೆ ಹೇಳಿದ. ತಾನು ಕಳಿಸಿದ್ದು ಮಕ್ಕಳ ಪುಸ್ತಕ. ಉಳಿದದ್ದನ್ನು ತಾಯಿ ಸಂತೋಷದಿಂದ ಸೇರಿಸಿದ್ದಾಳೆ, ಆಕೆಯನ್ನು ಯಾರೂ ಏನೂ ಅನ್ನಬೇಡಿರಿ, ತಪ್ಪೆಲ್ಲ ತನ್ನದು. ಪುಸ್ತಕ ಹೋಯಿತು, ಖೋಲಿ ಹೋಯಿತು, ನಾಳೆ ಬಾಡಗಂಡಿಯಲ್ಲಿ ಕಬ್ಬಿನ ಗಾಡಿ ತೂಗುವುದೇ ಸರಿ. ಆದರೆ ಅವನಿಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾದದ್ದು ಬುಟ್ಟಿ ಹಿಡಿದು ಕೂತ ತಾಯಿಯನ್ನು ನೋಡಿ. ಶಿದ್ರಾಮಪ್ಪ ರುಮಾಲು ಕೊಡವಿ ಎದ್ದರು. ಊರಿಗೆ ಯಾವ ಮುಖ ತೋರಿಸಲಿ ಎಂದು ಅನಸವ್ವ ಸೆರಗು ಬಾಯಿಗಿಟ್ಟುಕೊಂಡಳು.

ಅಷ್ಟರಲ್ಲಿ ರಾಜಶ್ರೀ ಖೋಲಿಯಿಂದ ಹೊರಗೆ ಬಂದಳು. ಒಂದು ಕೈಯಲ್ಲಿ ಎತ್ತಿನ ಪುಸ್ತಕ, ಇನ್ನೊಂದರಲ್ಲಿ ಶಾಲೆಯಿಂದ ತಂದಿದ್ದ ಸಕ್ಕರೆ ಪುಸ್ತಕ. ಎತ್ತಿನ ಪುಸ್ತಕ ಕಂಡು ಹಣಮಂತಪ್ಪನವರು ಕಂಬದ ಹಿಂದೆ ಸರಿದರು.

"ನನಗ ಮೊದಲನೇ ದಿನಾನ ಗೊತ್ತಿತ್ತು, ಇದು ಸಾಲಿಗೆ ಬಂದದ್ದು ಅಂತ," ಎಂದಳು. "ಆದ್ರ ನಮ್ಮ ಮನ್ಯಾಗ ಅಪ್ಪ, ಅನಸವ್ವಾಯಿ ಇಬ್ಬರೂ ತಮಗ ಎಲ್ಲಾ ಗೊತ್ತೈತಿ ಅಂತ ಕೂತಿದ್ರು. ನಾ ಯಾರಿಗಿ ಹೇಳ್ಲಿ?"

ಆಮೇಲೆ ವೀರೇಶನ ಕಡೆ ತಿರುಗಿ, ಹಿರಿಯರು ಯಾರೂ ಅಲ್ಲಿ ಇಲ್ಲವೇ ಇಲ್ಲವೆಂಬಂತೆ, ಪುಸ್ತಕದ ತಕರಾರು ಶುರು ಮಾಡಿದಳು. ಮಕ್ಕಳು ಯಾವ ಅಕ್ಷರವನ್ನೂ ಓದದೆ ಮುಚ್ಚಳ ಕಿತ್ತು, ಪಾಠ ಪೂರ್ತಿ ತಿಂದು ಮುಗಿಸಿದರು. ಆಮೇಲೆ ಖಾಲಿ ಕುಣಿ ನೋಡಿ ಅತ್ತರು. ಆದರೆ ಮರುದಿನ ಒಬ್ಬಳು ಬಳೆ ಚೂರು ತಂದು ಇದು ಎಲ್ಲಿ ಇಡುವುದು ಎಂದು ಕೇಳಿದಳು. ರಾಜಶ್ರೀ ತೋರಿಸಲಿಲ್ಲ, ನೀನೇ ಹುಡುಕು ಎಂದಳು. ಹುಡುಗಿ ಪುಟ ತಿರುವಿ ತಿರುವಿ 'ಬ' ಹುಡುಕಿ ಇಟ್ಟಳು. ಈಗ ದಿನಾ ಬೆಳಿಗ್ಗೆ ಹುಡುಗರು ಕಿಸೆಯಲ್ಲಿ ಹುಣಸೆ ಬೀಜ, ಕಡಲೆ, ದಾರದ ತುಂಡು, ಒಮ್ಮೆ ಜೀವಂತ ಇರುವೆ ಕೂಡ ತಂದು, ಅದರದರ ಮನೆ ಹುಡುಕುತ್ತಾರೆ. ಸಂಜೆ ಖಾಲಿ ಮಾಡಿದರೆ ಮರುದಿನ ಮತ್ತೆ ತುಂಬುತ್ತದೆ. ವೀರೇಶ ಪುಸ್ತಕ ತೆರೆದು ನೋಡಿದ. 'ಗ' ಪುಟದಲ್ಲಿ ಅಂಗಿಯಿಂದ ಕಿತ್ತ ಗುಂಡಿ ಇತ್ತು. ಅವನಿಗೆ ಅಳು ಬಂತು, ನಗುವೂ ಬಂತು. ಅವನು ಎರಡನ್ನೂ ಮಾಡಿದ.

"ಸಕ್ಕರಿ ಬ್ಯಾಡ. ಖಾಲಿ ಕುಣಿ ಇರೂ ಪುಸ್ತಕ ಬೇಕು, ಮಕ್ಕಳ ದಿನಾಚರಣಿ ಮುಂಚೆ, ಪ್ರತಿ ಹುಡುಗಗ ಒಂದು," ಎಂದಳು ರಾಜಶ್ರೀ. ಶಾಲೆಯ ಯಜಮಾನರಾದ ಶಿದ್ರಾಮಪ್ಪ ಬಾಯಿ ತೆರೆದರು. ಮಗಳು ಅವರ ಕಡೆ ನೋಡಿದಳು. ಅವರು ಬಾಯಿ ಮುಚ್ಚಿ ಮತ್ತೆ ಜಮಖಾನೆಯ ಮೇಲೆ ಕೂತರು.

"ಪುಸ್ತಕದ ಮಾತು ಮುಗೀತು," ಎಂದಳು. "ಇನ್ನ ಉಳದದ್ದು ಇನ್ನೊಂದು. ನಮ್ಮ ಮನಿಗೆ ಸೀರಿ, ದಂಡಿ ಕಳಿಸಿದವರು ನಿಮ್ಮವ್ವ. ನೀವಲ್ಲ. ನೀವ ಕಳಸ್ತಿದ್ರೋ ಇಲ್ಲೋ, ಅದನ್ನ ಹೇಳಿಬಿಡ್ರಿ. ಇಲ್ಲಂದ್ರೂ ಪುಸ್ತಕ ತಗೊಳ್ಳೂದು ತಪ್ಪಂಗಿಲ್ಲ."

ವೀರೇಶ ಒಬ್ಬೊಬ್ಬರ ಮುಖವನ್ನೂ ನೋಡಿದ. ಎದ್ದವನೇ ಅಂಗಳ ದಾಟಿ, ಚಪ್ಪಲಿಯನ್ನೂ ಮೆಟ್ಟದೆ, ಓಣಿಯಲ್ಲಿ ಓಡಿಹೋದ.

ಕಸ್ತೂರೆವ್ವ ಹಣೆ ಚಚ್ಚಿಕೊಂಡಳು. ಹುಡುಗ ಓಡಿಹೋದದ್ದಕ್ಕೆ ಕಾಯಿದೆಯಲ್ಲಿ ಏನು ಅರ್ಥ ಎಂದು ಶಿದ್ರಾಮಪ್ಪ ಕೇಳಿದರು. ಹಣಮಂತಪ್ಪನವರು ಗೈರುಹಾಜರಿ ಎಂದರು. ರಾಜಶ್ರೀ ಬಾಗಿಲ ಕಡೆ ನೋಡುತ್ತ ನಿಂತಳು.

ಪೇಟೆಯಲ್ಲಿ ಸಕ್ಕರೆ ಅಂಗಡಿಗಳು ಗಂಟು ಕಟ್ಟುತ್ತಿದ್ದವು. ಹುಣ್ಣಿಮೆಯ ಸಂಜೆಗೆ ಸಕ್ಕರೆ ಯಾರ ಹತ್ತಿರ ಉಳಿಯುತ್ತದೆ? ವೀರೇಶ ಒಂದು ಅಂಗಡಿಯಿಂದ ಇನ್ನೊಂದಕ್ಕೆ ಓಡಿದ. ಕೊನೆಗೆ ಮೂಲೆಯ ಮುದುಕಿಯ ಬುಟ್ಟಿಯ ತಳದಲ್ಲಿ ಒಂದೇ ಒಂದು ಪುಟ್ಟ ಒಂಟೆ ಸಿಕ್ಕಿತು. ಅದಕ್ಕೂ ಒಂದು ಕಾಲಿರಲಿಲ್ಲ. ಅದನ್ನು ಅಂಗೈಯಲ್ಲಿಟ್ಟುಕೊಂಡು ಓಡುತ್ತ ಬಂದ. ಪಡಸಾಲೆಗೆ ಬಂದು, ಏದುಸಿರು ಬಿಡುತ್ತ, ರಾಜಶ್ರೀಯ ಮುಂದೆ ಕೈ ಚಾಚಿದ.

"ಇದನ್ನ ನಾನ ತಂದೇನ್ರಿ," ಎಂದ. "ಯವ್ವ ಅಲ್ಲ."

ಅನಸವ್ವ ಬಗ್ಗಿ ನೋಡಿದಳು. ಕಾಲು ಮುರಿದ ಒಂಟೆಯನ್ನು ಯಾವ ಮನೆಯಲ್ಲಿ ಸಕ್ಕರೆಗೆ ತರುತ್ತಾರೆ, ಇದು ಶುಭವೇ, ನಡೆಯಿರಿ ಮನೆಗೆ ಎಂದು ಶುರು ಮಾಡುವಷ್ಟರಲ್ಲಿ ರಾಜಶ್ರೀ ಒಂಟೆಯನ್ನು ಎತ್ತಿ ಇಡಿಯಾಗಿ ಬಾಯಿಗೆ ಹಾಕಿಕೊಂಡಳು. ಇನ್ನು ಕಾಲು ಎಣಿಸಲು ಯಾರಿಗೂ ಏನೂ ಉಳಿಯಲಿಲ್ಲ. ಬನಹಟ್ಟಿಯ ಸಕ್ಕರೆ ಗಟ್ಟಿ, ಬೇಗ ಕರಗುವುದಿಲ್ಲ. ಅವಳ ಬಾಯಿಂದ ಏನು ಬರುತ್ತದೋ ಎಂದು ಎರಡೂ ಮನೆಯವರು, ಕಂಬದ ಹಿಂದಿನ ಹಣಮಂತಪ್ಪನವರು, ಬಾಗಿಲಲ್ಲಿ ಬಂದು ನಿಂತ ಪಾಂಡಪ್ಪ, ಎಲ್ಲರೂ ಅವಳ ಉಬ್ಬಿದ ಗಲ್ಲವನ್ನೇ ನೋಡುತ್ತ ಕಾದರು. ಅವಳು ಅವಸರ ಮಾಡಲಿಲ್ಲ.

ಕೊನೆಗೆ ನುಂಗಿ, ಬೆರಳು ನೆಕ್ಕಿ, ಕಸ್ತೂರೆವ್ವನ ಮುಂದೆ ಕೂತು ಬುಟ್ಟಿಗೆ ಕೈ ಹಾಕಿದಳು.

"ಅತ್ತೀ, ಬಾಯಿ ಭಾಳ ಸಿಹಿ ಆತು," ಎಂದಳು. "ಹೋಳಿಗಿ ಆಮ್ಯಾಲ ತಿಂತೇನಿ. ಮೊದಲ ಒಂದೀಟ ಖಾರ ಏನರ ಕೊಡ್ರಿ."